ಸಿನಿಮಾಕ್ಕೆ ಹೂಂಗುಟ್ಟಿದ್ದು

ಅವರೆಕಾಳು ಹಿತಕುವಾಗ ಫೋನು ಬರಬಾರದು. ಬಂದರೆ ಎತ್ತಿಕೊಳ್ಳಲು ಕೈ ಇರುವುದಿಲ್ಲ. ಹಿಂದಿನ ದಿನ ನೆನೆಹಾಕಿದ ಕಾಳನ್ನು ಬೋಗುಣಿಯಲ್ಲಿ ಮುಂದಿಟ್ಟುಕೊಂಡು, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಕೆಲವು ಪಾತ್ರೆಯನ್ನು ಬಿಟ್ಟು ತಮಗೆ ಬೇಕಾದ ಕಡೆಗೂ ಹಾರುತ್ತವೆ. ನಮ್ಮ ಮನೆಯಲ್ಲಿ ಶಿವರಾತ್ರಿ ಹೊತ್ತಿಗೂ ಫ್ರಿಜ್ಜಿನ ಹಿಂದೆ ಒಂದೆರಡು ಒಣಗಿದ ಬೇಳೆ ಸಿಗುವುದುಂಟು. ಕೈಯೆಲ್ಲ ಒದ್ದೆ, ಅಂಟು, ಜೊತೆಗೆ ಸೊಗಡಿನ ವಾಸನೆ. ಆ ಸೊಗಡು ನನಗಿಷ್ಟ. ಧನುರ್ಮಾಸದಲ್ಲಿ ಮಲ್ಲೇಶ್ವರಕ್ಕೆ ಮಲ್ಲೇಶ್ವರವೇ ಬೆಳಗ್ಗೆ ಹುಗ್ಗಿಯ ಮೆಣಸಿನ ಘಮವನ್ನೂ ಸಂಜೆ ಅವರೆಯ ಸೊಗಡನ್ನೂ ಹೊತ್ತುಕೊಂಡಿರುತ್ತದೆ. ಆದರೆ ಫೋನಿಗೆ ಅದು ಒಗ್ಗುವುದಿಲ್ಲ.

ಆವತ್ತು ಫೋನು ಬಂದಾಗ ನಮ್ಮ ಯಜಮಾನರೇ ಅದನ್ನು ಎತ್ತಿಕೊಂಡು ಬಂದು, ಅರ್ಚಕರು ಮಂಗಳಾರತಿ ತಟ್ಟೆ ಹಿಡಿಯುವಂತೆ ಗಂಭೀರವಾಗಿ ನನ್ನ ಕಿವಿಯ ಹತ್ತಿರ ಹಿಡಿದು ನಿಂತರು. ಅವರು ಅಷ್ಟು ಹೊತ್ತು ಬೇಸರಿಸದೆ ನಿಂತದ್ದೇ ಆ ದಿನದ ಮೊದಲ ಅನುಗ್ರಹ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ನನಗೆ ಅದೊಂದು ಅಭ್ಯಾಸ. ಸಂಜೆ ದೀಪ ಹಚ್ಚುವಾಗ ದೇವರ ಮುಂದೆ ಬೇಡಿಕೆಗಳನ್ನು ಓದುವ ಬದಲು, ಅವತ್ತು ತಾನಾಗಿ ಒದಗಿ ಬಂದ ಸಣ್ಣಪುಟ್ಟ ಒಳ್ಳೆಯದನ್ನು ಹೇಳುತ್ತೇನೆ. ಹಾಲು ಒಡೆಯಲಿಲ್ಲ, ಇದೊಂದು. ಆಟೋದವನು ಕರೆದ ಕಡೆಗೆ ಬಂದ, ಇದೊಂದು. ಬೇಡುವವರ ಸಾಲು ದೇವರ ಮುಂದೆ ಹೇಗೂ ಉದ್ದವಾಗಿರುತ್ತದೆ. ಕೊಟ್ಟದ್ದು ತಲುಪಿತು ಎಂದು ಹೇಳುವವರೂ ಒಬ್ಬರಿರಲಿ ಎಂದು.

ಫೋನು ಮಾಡಿದ್ದವಳು ನಮ್ಮ ಸೊಸೆ ಸಹನಾ. ಅವಳು ಬಸವನಗುಡಿ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಪಾಠದ ಜೊತೆಗೆ ಅಲ್ಲೊಂದು ಸಿನಿಮಾ ಸಂಘ ಕಟ್ಟಿಕೊಂಡಿದ್ದಾಳೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಪೇಟೆಯ ಥಿಯೇಟರುಗಳಿಗೆ ಎಂದೂ ಬರದಂಥ ಸಿನಿಮಾವೊಂದನ್ನು ಕಾಲೇಜಿನ ಹಾಲಿನಲ್ಲಿ ತೋರಿಸಿ, ಆಮೇಲೆ ಹುಡುಗಿಯರೊಂದಿಗೆ ಕುಳಿತು ಮಾತಾಡುವುದು. ಅಂಥದ್ದೊಂದನ್ನು ಅವಳ ಕಂಪ್ಯೂಟರಿನಲ್ಲಿ ನಾನೂ ಒಮ್ಮೆ ನೋಡಿದ್ದೆ. ಹೆಂಗಸೊಬ್ಬಳು ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಸಹನಾ ಆಸೆಯಿಂದ ನನ್ನ ಮುಖ ನೋಡಿ, ಹೇಗಿದೆ ಎಂದು ಕೇಳಿದಳು. ಅಂಚಿಗೆ ಅಂಚು ಸೇರಿಸದೆ ಮಡಿಸುತ್ತಿದ್ದಾಳೆ, ಇಸ್ತ್ರಿ ನಿಲ್ಲುವುದಿಲ್ಲ ಎಂದೆ. ಪಾಪ, ನಕ್ಕುಬಿಟ್ಟಳು. ಆ ದಿನದಿಂದ ನನ್ನನ್ನು ಸಿನಿಮಾಕ್ಕೆ ಕರೆದಿರಲಿಲ್ಲ.

ಈಗ ಕರೆಯುತ್ತಿದ್ದಳು. ಸಂಗತಿ ಏನೆಂದರೆ, ಆವತ್ತು ಬೆಳಗ್ಗೆ ಪ್ರಿನ್ಸಿಪಾಲರು ಅವಳನ್ನು ಕರೆಸಿ ನಿಷ್ಠುರವಾಗಿ ಹೇಳಿದ್ದರು. ಬ್ಯಾಂಕ್ ಪರೀಕ್ಷೆಗೆ ತರಬೇತಿ ಕೊಡುವವರು ಶನಿವಾರಗಳಿಗೆ ಕಾಲೇಜಿನ ಆ ಹಾಲನ್ನೇ ಕೇಳುತ್ತಿದ್ದಾರೆ, ನಿಮ್ಮ ಸಿನಿಮಾಕ್ಕೆ ಬರುವವರು ಬೆರಳೆಣಿಕೆಯಷ್ಟು ಮಂದಿ, ಈ ಶನಿವಾರವೂ ಕುರ್ಚಿಗಳು ಖಾಲಿ ಇದ್ದರೆ ಸಂಘವನ್ನು ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು. ಪ್ರಿನ್ಸಿಪಾಲರನ್ನು ದೂರುವ ಹಾಗೂ ಇಲ್ಲ. ಓದಿ ಮುಗಿಸಿದ ಹುಡುಗಿಯರಿಗೆ ಕೆಲಸ ಸಿಗಬೇಕಲ್ಲ.

"ಅತ್ತೆ, ನಿಮ್ಮ ಭಜನಾ ಮಂಡಳಿಯೋರು ಶನಿವಾರ ಮಧ್ಯಾಹ್ನ ಏನ್ ಮಾಡ್ತಿರ್ತಾರೆ?" ಎಂದಳು ಸಹನಾ.

"ಏನ್ ಮಾಡ್ತಾರೆ, ಊಟ ಮಾಡಿ ಅಡ್ಡ ಆಗಿರ್ತಾರೆ."

"ಎಲ್ಲರನ್ನೂ ಕರ್ಕೊಂಡ್ ಬರ್ತೀರಾ? ಏನೂ ಮಾಡೋದ್ ಬೇಡ. ಸುಮ್ನೆ ಕೂತ್ಕೊಂಡಿದ್ರೆ ಸಾಕು."

ಬರುತ್ತೇವೆ ಎಂದುಬಿಟ್ಟೆ. ಫೋನು ಇಟ್ಟ ಮೇಲೆ ಯೋಚನೆ ಶುರುವಾಯಿತು. ನಮ್ಮ ಮಂಡಳಿಯ ಹೆಂಗಸರು ಏನು ಬೇಕಾದರೂ ಮಾಡಬಲ್ಲರು. ಹೊತ್ತಿಲ್ಲದ ಹೊತ್ತಿನಲ್ಲಿ ಇನ್ನೂರು ಜನಕ್ಕೆ ಕೋಸಂಬರಿ ಕಲಸಬಲ್ಲರು. ಮೈಕು ಕೈಕೊಟ್ಟರೆ ಬೀದಿಯ ಕೊನೆಗೆ ಕೇಳುವಂತೆ ಹಾಡಬಲ್ಲರು. ಸುಮ್ಮನೆ ಕೂರುವುದನ್ನು ಮಾತ್ರ ಅವರು ಮಾಡಿದ್ದನ್ನು ನಾನು ನೋಡಿಲ್ಲ.

ಆದರೂ ಮನಸ್ಸು ಹಿಂದೆಗೆಯಲಿಲ್ಲ. ಕಾರಣವಿತ್ತು. ಈ ಸಲದ ಸಿನಿಮಾ ಯಾವುದೋ ಚಳಿದೇಶದ್ದು. ಇಂಗ್ಲಿಷಿನ ಅಡಿಬರಹ ಓಡುವ ವೇಗಕ್ಕೆ ಓದಲಾಗದೆ ಹುಡುಗಿಯರು ಎದ್ದು ಹೋಗುತ್ತಾರೆ ಎಂದು, ಸಹನಾ ತನ್ನ ನಾಲ್ಕಾರು ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಇಡೀ ಸಿನಿಮಾದ ಮಾತುಗಳನ್ನು ಕನ್ನಡಕ್ಕೆ ಇಳಿಸಿದ್ದಳು. ಭಾನುವಾರಗಳಲ್ಲಿ ನಮ್ಮ ಊಟದ ಮೇಜಿನ ಮೇಲೇ ಆ ಕೆಲಸ ನಡೆಯುತ್ತಿತ್ತು. ನಾನು ಉಪ್ಪಿಟ್ಟು ಕೊಡುತ್ತಿದ್ದೆ, ಅವರು ಒಂದೊಂದು ಸಾಲಿಗೆ ಅರ್ಧ ಅರ್ಧ ಗಂಟೆ ಜಗಳವಾಡುತ್ತಿದ್ದರು. ಒಂದು ಸಲ, ರೊಟ್ಟಿ ಹಿಟ್ಟು ಹುದುಗು ಬರಲು ಹಳೆಯ ಹಿಟ್ಟಿನ ಚೂರು ಹಾಕುತ್ತಾರಲ್ಲ ಅದಕ್ಕೇನು ಹೇಳೋಣ ಎಂದು ನನ್ನನ್ನೂ ಕೇಳಿದರು. ಹೆಪ್ಪು ಅನ್ನಿ, ಮೊಸರಿಗೂ ಅದೇ ಅಲ್ಲವೇ ಎಂದೆ. ಬರೆದುಕೊಂಡರು. ಅಷ್ಟು ಶ್ರಮಪಟ್ಟ ಮಕ್ಕಳ ಸಾಲುಗಳನ್ನು ಖಾಲಿ ಕುರ್ಚಿಗಳು ಓದಬೇಕೇ? ಜೊತೆಗೆ, ಆ ಸಿನಿಮಾದೊಳಗೆ ನನ್ನದೂ ಒಂದು ಪದ ಇತ್ತು. ಅಭಿಮಾನ ಸ್ವಲ್ಪ ನನಗೂ ಇರುತ್ತದೆ.

ಮಂಡಳಿಗೆ ನಾಯಕಿ ಪದ್ಮಕ್ಕ. ನನಗಿಂತ ಹಿರಿಯರು, ಮಂಡಿನೋವು ಬಿಟ್ಟರೆ ಬೇರೆ ಯಾವುದಕ್ಕೂ ಹೆದರದವರು. ಶುಕ್ರವಾರದ ಭಜನೆ ನಡೆಯುವುದು ಅವರ ಮನೆಯ ಮಹಡಿಯಲ್ಲೇ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮುತ್ತುಗಿತ್ತು ಇದ್ಯೇನೇ ಅದರಲ್ಲಿ?"

"ಇಲ್ವಂತೆ ಅಕ್ಕ. ಬರೀ ಹೆಂಗಸರು, ಬರೀ ಹಿಮ."

"ಹಿಮ ಆದ್ರೆ ಪರವಾಗಿಲ್ಲ, ಶಾಲು ತರ್ತೀನಿ. ಹಿಮದ ಪಿಕ್ಚರ್ ಅಂದ್ರೆ ಎ.ಸಿ. ಜಾಸ್ತಿ ಇಟ್ಟಿರ್ತಾರೆ."

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಸಂಪಿಗೆ ರಸ್ತೆಯ ಮೆಟ್ರೋ ಹತ್ತಿದೆವು. ಕುಮಾರ ಪಾರ್ಕಿನಿಂದಲೂ ಕೆಲವರು ಬಂದು ಸೇರಿಕೊಂಡರು. ಪದ್ಮಕ್ಕನಿಗೆ ಒಬ್ಬ ಹುಡುಗಿ ಎದ್ದು ಜಾಗ ಬಿಟ್ಟಳು, ಇದೊಂದು. ರೈಲು ನೆಲದ ಒಳಗೆ ಇಳಿದಾಗ, ಈಗ ನಮ್ಮ ತಲೆಯ ಮೇಲೆ ನಗರ್ತಪೇಟೆ ಇರಬೇಕು, ಸಗಟಿನಲ್ಲಿ ಹೂಬತ್ತಿ ತರುವ ಅಂಗಡಿ ಇಲ್ಲೇ ಎಲ್ಲೋ ಮೇಲಿದೆ ಎಂದು ಎಲ್ಲರೂ ಕತ್ತೆತ್ತಿ ನೋಡಿದರು. ಪಕ್ಕದವರೂ ಏನೋ ಎಂದು ಕತ್ತೆತ್ತಿ ನೋಡಿದರು. ನಮ್ಮ ಮಂಡಳಿ ಸುಮ್ಮನೆ ಕೂರುವುದು ಇಷ್ಟರಮಟ್ಟಿಗೆ.

ಇಷ್ಟೊಂದು ಹೆಂಗಸರು ಸೇರಿ ಸಿನಿಮಾಕ್ಕೆ ಹೊರಟದ್ದು ನನಗೆ ಹಳೆಯ ದಿನಗಳನ್ನು ನೆನಪಿಗೆ ತಂದಿತು. ನಾನು ಚಿಕ್ಕವಳಿದ್ದಾಗ ಅಮ್ಮ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಎಲ್ಲ ಸೇರಿ ಮೆಜೆಸ್ಟಿಕ್ಕಿಗೆ ಮ್ಯಾಟಿನಿ ನೋಡಲು ಹೋಗುತ್ತಿದ್ದರು. ಆಗೆಲ್ಲ ಸಿನಿಮಾವನ್ನು ಯಾರೂ ಮೌನವಾಗಿ ನೋಡುತ್ತಿರಲಿಲ್ಲ. ಪರದೆಯ ಮೇಲೆ ಅತ್ತೆ ಹಾಲಿಗೆ ವಿಷ ಬೆರೆಸಿದರೆ, ಕುಡೀಬೇಡ ಕಣೇ ಎಂದು ನಮ್ಮ ಚಿಕ್ಕಮ್ಮ ಕುಳಿತಲ್ಲಿಂದಲೇ ಎಚ್ಚರಿಸುತ್ತಿದ್ದಳು. ನಾಯಕಿ ಕೇಳಿಸಿಕೊಳ್ಳದೆ ಕುಡಿದುಬಿಟ್ಟರೆ ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಬೈಗುಳ. ಈಗ ಆ ಟಾಕೀಸುಗಳು ಎಷ್ಟೋ ಮುಚ್ಚಿಹೋದವು. ಮಾಲುಗಳ ಒಳಗೆ ಮೆತ್ತನೆಯ ಕುರ್ಚಿಗಳು ಬಂದವು, ಮಾತು ಹೋಯಿತು. ಮಾತಾಡಿದರೆ ಮುಂದಿನ ಸಾಲಿನವರು ತಿರುಗಿ ನೋಡುವ ನೋಟಕ್ಕೆ ಜೋಳದ ಅರಳು ಗಂಟಲಲ್ಲೇ ನಿಲ್ಲುತ್ತದೆ.

ಕಾಲೇಜಿನ ಬಾಗಿಲಲ್ಲೇ ಸಹನಾ ನಿಂತಿದ್ದಳು. ನಮ್ಮ ದಂಡನ್ನು ನೋಡಿ ಅವಳ ಮುಖ ಅರಳಿತು, ಹಾಗೆಯೇ ಸ್ವಲ್ಪ ಬಾಡಿತು. ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದು, "ಅತ್ತೆ, ಒಂದೇ ಒಂದು. ಒಳಗೆ ಮಾತ್ರ ಮಾತು ಬೇಡ. ಈ ಸಿನಿಮಾದಲ್ಲಿ ಮೌನವೇ ಮುಖ್ಯ," ಎಂದಳು. ಅದು ಪದ್ಮಕ್ಕನ ಕಿವಿಗೂ ಬಿತ್ತು.

"ನಾವು ಉಸಿರೂ ಬಿಡಲ್ಲ, ಹೋಗಮ್ಮ ನೀನು," ಎಂದರು ಪದ್ಮಕ್ಕ.

ಬಾಗಿಲಲ್ಲಿದ್ದ ಹುಡುಗಿಯರು ಎಲ್ಲರಿಗೂ ಕಾಗದದ ಪೊಟ್ಟಣದಲ್ಲಿ ಕಡ್ಲೆಪುರಿ ಕೊಟ್ಟರು. ಒಳಗೆ ಹೋಗಿ ನೋಡಿದರೆ ಹಾಲು ಅರ್ಧ ತುಂಬಿತ್ತು. ನಾವು ಕುಳಿತ ಮೇಲೆ ಮುಕ್ಕಾಲಾಯಿತು. ಪಕ್ಕದ ಸಾಲುಗಳಲ್ಲಿದ್ದ ವಿದ್ಯಾರ್ಥಿನಿಯರು ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು, ದೀಪ ಆರಿದ ಕೂಡಲೆ ಜಾರಿಕೊಳ್ಳುವ ಸಿದ್ಧತೆಯಲ್ಲಿದ್ದರು. ಹಿಂದೆ ಬಾಗಿಲ ಹತ್ತಿರ ಪ್ರಿನ್ಸಿಪಾಲರು ಕೈಚೀಲವನ್ನು ಹೆಗಲಿಗೇರಿಸಿಕೊಂಡು ನಿಂತಿದ್ದರು. ಐದು ನಿಮಿಷ ನಿಂತು ಹೋಗುವವರ ನಿಲುವು ಅದು, ನೋಡಿದರೆ ಗೊತ್ತಾಗುತ್ತದೆ. ಸಹನಾ ಮುಂದೆ ನಿಂತು ನಾಲ್ಕು ಮಾತು ಹೇಳಿ, ನಮ್ಮ ಸಾಲಿನ ತುದಿಯಲ್ಲಿ ಬಂದು ಕುಳಿತಳು. ದೀಪ ಆರಿತು.

ಬಣ್ಣವಿಲ್ಲದ ಚಿತ್ರ. ಸೌದೆ ಉರಿಯುವ ಒಂದು ಒಲೆ. ಒಲೆಯ ಪಕ್ಕ ಒಬ್ಬಳು ಮುದುಕಿ. ಮುಖದ ತುಂಬ ಸುಕ್ಕು, ತಲೆಗೆ ವಸ್ತ್ರ. ಅವಳು ನೇರವಾಗಿ ನಮ್ಮನ್ನೇ ನೋಡಿ ಏನೋ ಹೇಳಿದಳು. ಕೆಳಗೆ ದಪ್ಪ ಅಕ್ಷರದ ಕನ್ನಡ ಮೂಡಿತು: ಒಂದೂರಿನಲ್ಲಿ ಒಬ್ಬಳು ತಾಯಿ ಇದ್ದಳು.

ಅಷ್ಟು ಹೇಳಿ ಮುದುಕಿ ನಿಲ್ಲಿಸಿದಳು. ನಮ್ಮನ್ನೇ ನೋಡುತ್ತ ಕುಳಿತಳು. ಸೌದೆ ಚಟಪಟ ಅಂದಿತು. ಅವಳು ಮುಂದಕ್ಕೆ ಹೋಗಲೊಲ್ಲಳು.

ಇಲ್ಲಿ ನಿಮಗೆ ಒಂದೆರಡು ವಿಷಯ ಹೇಳಬೇಕು. ನಮ್ಮಲ್ಲಿ ವ್ರತದ ಕಥೆ ಹೇಳುವಾಗ ಬರಿಗೈಯಲ್ಲಿ ಕೇಳುವ ಹಾಗಿಲ್ಲ. ಕಥೆ ಶುರುವಾಗುವ ಮೊದಲೇ ಎಲ್ಲರ ಬಲಗೈಗೆ ನಾಲ್ಕು ಕಾಳು ಅಕ್ಷತೆ ಬೀಳುತ್ತದೆ. ಮುಷ್ಟಿ ಕಟ್ಟಿಕೊಂಡು ಕೂರಬೇಕು. ಕಥೆ ಮುಗಿಯುವ ತನಕ ಬಿಚ್ಚಬಾರದು. ಮುಗಿದ ಮೇಲೆ ಅದನ್ನು ದೇವಿಯ ಮೇಲೆ ಹಾಕಿ ಕೈಮುಗಿಯಬೇಕು. ಕೈಯಲ್ಲಿ ಒಂದು ಹಿಡಿತ ಇದ್ದರೆ ಮನಸ್ಸೂ ಅತ್ತಿತ್ತ ಹೋಗುವುದಿಲ್ಲ ಎಂದು ಹಿರಿಯರು ಮಾಡಿದ್ದಿರಬೇಕು. ಶ್ರಾವಣದ ಮಂಗಳವಾರಗಳಲ್ಲಿ, ಮದುವೆಯಾದ ಹೊಸತರಲ್ಲಿ, ನಾನು ಮುಷ್ಟಿ ಕಟ್ಟಿ ಕೇಳಿದ ಕಥೆಗಳು ಎಷ್ಟೋ. ಅಲ್ಲೆಲ್ಲ ಬರೀ ಹೆಂಗಸರೇ. ತವರಿನಿಂದ ದೂರವಾದವಳು, ಗಂಡನನ್ನು ಕಳೆದುಕೊಂಡವಳು, ಕಾಡಿಗೆ ಅಟ್ಟಿಸಿಕೊಂಡವಳು. ಎಲ್ಲ ಕಥೆಯಲ್ಲೂ ಕಷ್ಟದಲ್ಲಿದ್ದವಳಿಗೆ ಯಾರೋ ಒಬ್ಬಳು ಮುದುಕಿ ಎದುರಾಗಿ ಇನ್ನೊಂದು ಕಥೆ ಹೇಳುತ್ತಾಳೆ. ಅದನ್ನು ಶ್ರದ್ಧೆಯಿಂದ ಕೇಳಿದವಳಿಗೆ ಕಳೆದದ್ದೆಲ್ಲ ಸಿಗುತ್ತದೆ. ಕೇಳದೆ ಎದ್ದು ಹೋದವಳ ಗತಿ ಮಾತ್ರ ಹೇಳಬಾರದು.

ಇನ್ನೊಂದು, ಹೂಂಗುಟ್ಟುವುದು. ಕಥೆ ಹೇಳುವವರು ಒಂದು ಮಾತು ಹೇಳಿ ನಿಲ್ಲಿಸಿದರೆ ಕೇಳುವವರು ಹೂಂ ಅನ್ನಬೇಕು. ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ನಮ್ಮಮ್ಮ ನನಗೆ ಎಣ್ಣೆ ಒತ್ತುತ್ತ ಕಥೆ ಹೇಳುವಾಗ, ನಾನು ತೂಕಡಿಸಿ ಹೂಂ ತಪ್ಪಿಸಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಎಷ್ಟೋ ಸಲ ರಾಜಕುಮಾರ ಹುಲಿಗೆ ಹೆದರಿ ಮರ ಹತ್ತಿದವನು ಮುಂದಿನ ಶನಿವಾರದ ಎಣ್ಣೆಸ್ನಾನದವರೆಗೂ ಮರದ ಮೇಲೆಯೇ ಕುಳಿತಿರುತ್ತಿದ್ದ. ಪಾಪ, ಹುಲಿಯೂ ಕೆಳಗೆ ಕಾಯಬೇಕು. ಹೂಂನಲ್ಲೂ ಬಗೆಗಳಿವೆ. ಆಮೇಲೇನಾಯಿತು ಎನ್ನುವ ಹೂಂ, ಅಯ್ಯೋ ಪಾಪ ಎನ್ನುವ ಹೂಂ, ನನಗಿದು ಮೊದಲೇ ಗೊತ್ತಿತ್ತು ಎನ್ನುವ ಹೂಂ. ಪತ್ರಿಕೆ ಓದುತ್ತ ಹೆಂಡತಿಯ ಮಾತಿಗೆ ಗಂಡಸರು ಹಾಕುವ ಹೂಂ ಬೇರೆಯೇ ಜಾತಿಯದು. ಅದನ್ನು ನಾನು ಇಲ್ಲಿ ಸೇರಿಸುವುದಿಲ್ಲ.

ಇನ್ನು ಕಾಲೇಜಿನ ಹಾಲಿಗೆ ಬರುತ್ತೇನೆ. ಒಲೆಯ ಪಕ್ಕದ ಮುದುಕಿ ನಮ್ಮ ಮುಖ ನೋಡುತ್ತ ಕಾಯುತ್ತಿದ್ದಾಳೆ. ನನ್ನ ಬಲಗೈ ಯಾವಾಗಲೋ ಪೊಟ್ಟಣದಿಂದ ನಾಲ್ಕು ಕಾಳು ಪುರಿ ತೆಗೆದುಕೊಂಡು ಮುಷ್ಟಿ ಕಟ್ಟಿಬಿಟ್ಟಿದೆ. ಅಷ್ಟು ವಯಸ್ಸಾದವಳು ಅಷ್ಟು ಹೊತ್ತು ಕಾಯುವುದನ್ನು ಹೇಗೆ ನೋಡುತ್ತ ಕೂರುವುದು?

"ಹೂಂ," ಎಂದೆ.

ಆ ನಿಶ್ಶಬ್ದದಲ್ಲಿ ಅದು ಕುಕ್ಕರ್ ಕೂಗಿದಂತೆ ಕೇಳಿತು. ಪಕ್ಕದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಲಿನ ತುದಿಯಿಂದ ಸಹನಾ ನನ್ನ ಕಡೆಗೆ ತಿರುಗಿದಳು. ಪರದೆಯ ಬೆಳಕಿಗೆ ಅವಳ ಮುಖ ಆ ದೇಶದ ಹಿಮದ ಹಾಗೆಯೇ ಬೆಳ್ಳಗಿತ್ತು. ಅವಳು ಕೇಳಿದ್ದು ಒಂದೇ ಒಂದು, ಮೌನ. ಅದನ್ನು ಮೊದಲ ವಾಕ್ಯಕ್ಕೇ ಮುರಿದಿದ್ದೆ.

ಮುದುಕಿ ಮಾತ್ರ, ನನ್ನ ಅಪ್ಪಣೆ ಸಿಕ್ಕಿತು ಎಂಬಂತೆ, ಮುಂದಕ್ಕೆ ಹೋದಳು. ಆ ತಾಯಿಗೆ ಮೂವರು ಹೆಣ್ಣುಮಕ್ಕಳು, ಎಂದಳು. ಮತ್ತೆ ನಿಲ್ಲಿಸಿ ನೋಡಿದಳು. ನಾನು ತುಟಿ ಕಚ್ಚಿಕೊಂಡು, ದೇವರೇ ಈ ಸಲ ಕಾಪಾಡು ಎಂದು ಕುಳಿತೆ. ದೇವರು ನನ್ನನ್ನು ಕಾಪಾಡಿದ. ಪದ್ಮಕ್ಕನನ್ನು ಕಾಪಾಡಲಿಲ್ಲ.

"ಹೂಂ," ಎಂದರು ಪದ್ಮಕ್ಕ, ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುವ ಕಂಠದಲ್ಲಿ. ಪದ್ಮಕ್ಕ ಎತ್ತಿಕೊಟ್ಟದ್ದನ್ನು ಮಂಡಳಿ ಬಿಟ್ಟದ್ದುಂಟೇ? ಮೂರನೆಯ ಸಲ ಮುದುಕಿ ನಿಲ್ಲಿಸಿದಾಗ ನಮ್ಮ ಎರಡು ಸಾಲುಗಳೂ ಒಟ್ಟಿಗೆ ಹೂಂಗುಟ್ಟಿದವು. ಸಹನಾ ಹಣೆಯ ಮೇಲೆ ಕೈಯಿಟ್ಟುಕೊಂಡಳು. ಜಾರಿಕೊಳ್ಳಲೆಂದು ಎದ್ದಿದ್ದ ಒಬ್ಬಳು ಹುಡುಗಿ, ಇದೇನು ನಡೆಯುತ್ತಿದೆ ಎಂದು ನೋಡಲು ಮತ್ತೆ ಕುಳಿತಳು. ಹಿಂದಿನಿಂದ ಯಾರೋ ತಮಾಷೆಗೆ ರಾಗ ಎಳೆದು ಹೂಂ ಎಂದರು. ಅದರ ಮುಂದಿನ ಹೂಂನಲ್ಲಿ ತಮಾಷೆ ಅರ್ಧ ಇತ್ತು. ಅದರಾಚೆಯದರಲ್ಲಿ ಇರಲಿಲ್ಲ. ಕಥೆ ಕಚ್ಚಿಕೊಂಡಿತ್ತು.

ಕಥೆ ಇಷ್ಟೇ. ಆ ದೇಶದ ರಾಜನಿಗೆ ಕೊನೆಯೇ ಇಲ್ಲದ ಒಂದು ಶಾಲು ಬೇಕು. ಮನೆಗೊಬ್ಬಳಂತೆ ಹುಡುಗಿಯರನ್ನು ಹಿಡಿದುಕೊಂಡು ಹೋಗಿ ಅರಮನೆಯಲ್ಲಿ ನೇಯಲು ಕೂರಿಸುತ್ತಾನೆ. ಅರಮನೆಯ ಊಟ ತಿಂದವಳು ತನ್ನ ಹೆಸರನ್ನು ಮರೆತುಬಿಡುತ್ತಾಳೆ. ಹೆಸರು ಮರೆತವಳಿಗೆ ಮನೆಯೂ ಮರೆಯುತ್ತದೆ. ದೊಡ್ಡ ಮಗಳು ಹೋದಳು, ಬರಲಿಲ್ಲ. ನಡುವಿನವಳು ಹೋದಳು, ಬರಲಿಲ್ಲ. ಚಿಕ್ಕವಳು ಹೋಗುವಾಗ ತಾಯಿ ಅವಳ ಸೆರಗಿನ ತುದಿಗೆ ಒಂದು ಚೂರು ಹೆಪ್ಪು ಕಟ್ಟಿ ಕಳಿಸುತ್ತಾಳೆ. ಆ ಸಾಲಿನಲ್ಲಿ ಹೆಪ್ಪು ಎಂಬ ಪದ ಪರದೆಯ ಮೇಲೆ ಬಂದಾಗ ನಾನು ಹಾಕಿದ ಹೂಂ ಸ್ವಲ್ಪ ಜೋರಾಗಿಯೇ ಇತ್ತು. ಚಿಕ್ಕವಳು ಅರಮನೆಯ ಹಿಟ್ಟಿಗೆ ತವರಿನ ಹೆಪ್ಪು ಹಾಕಿ ರೊಟ್ಟಿ ಸುಡುತ್ತಾಳೆ. ಅದನ್ನು ತಿಂದವಳಿಗೆ ತನ್ನ ಹೆಸರು ನೆನಪಾಗುತ್ತದೆ.

ಆಮೇಲಿನ ಭಾಗವನ್ನು ಹೇಗೆ ಹೇಳಲಿ? ಸಾಲು ಸಾಲಾಗಿ ಮಗ್ಗಗಳು. ಒಬ್ಬೊಬ್ಬಳೇ ಹೆಂಗಸು ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಳ್ಳುತ್ತಾಳೆ. ಅಗಿಯುತ್ತಾಳೆ. ಕಣ್ಣು ಮೇಲೆತ್ತಿ ತನ್ನ ಹೆಸರನ್ನು ಹೇಳುತ್ತಾಳೆ. ನಿಲ್ಲುತ್ತಾಳೆ. ನಾಲಿಗೆ ಹೊರಳದ ಹೆಸರುಗಳು. ಒಂದೂ ಈಗ ನೆನಪಿಲ್ಲ. ಆದರೆ ಪ್ರತಿ ಹೆಸರಿಗೂ ಇಡೀ ಹಾಲು ಹೂಂ ಎಂದಿತು. ಹೌದಮ್ಮ, ನೀನೇ, ಗೊತ್ತಾಯಿತು, ಹೊರಡು ಎನ್ನುವ ಹೂಂ ಅದು. ಹೂಂ ಅನ್ನಿಸಿಕೊಂಡವಳು ಎದ್ದು ಬಾಗಿಲ ಕಡೆಗೆ ನಡೆಯುತ್ತಾಳೆ. ಅವಳು ನೇಯ್ದ ಭಾಗದ ಎಳೆ ಅವಳ ಹಿಂದೆಯೇ ಬಿಚ್ಚಿಕೊಂಡು ಹೋಗುತ್ತದೆ. ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ. ಪ್ರಿನ್ಸಿಪಾಲರು ಹೋಗಿರಲಿಲ್ಲ. ಕೈಚೀಲ ಹೆಗಲಿನಿಂದ ಇಳಿದು ನೆಲದ ಮೇಲಿತ್ತು. ಅವರ ತುಟಿಯೂ ಹೂಂ ಎನ್ನುತ್ತಿತ್ತು.

ಕೊನೆಗೆ ರಾಜ ಒಂಟಿಯಾಗಿ, ಒಂದು ಮೊಳವೂ ಉಳಿಯದ ಶಾಲು ಹಿಡಿದುಕೊಂಡು ಕೂರುತ್ತಾನೆ. ಮತ್ತೆ ಒಲೆ, ಮತ್ತೆ ಮುದುಕಿ. ಆ ಚಿಕ್ಕ ಮಗಳು ನಾನೇ, ಎಂದಳು. ನಿಲ್ಲಿಸಿದಳು.

ಈ ಸಲ ಯಾರೂ ಹೂಂ ಅನ್ನಲಿಲ್ಲ. ಕಥೆ ಮುಗಿದ ಮೇಲೆ ಹೂಂಗುಟ್ಟುವ ಪದ್ಧತಿ ಇಲ್ಲ ಎಂದು ಹುಡುಗಿಯರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಅಷ್ಟು ಹೊತ್ತು ಸಹನಾ ಕೇಳಿದ್ದ ಮೌನ ಆಗ ಬಂತು, ಹಾಲಿನ ತುಂಬ, ತಾನಾಗಿ. ನಾನು ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಗೆ ನಿಂತಿದ್ದೇನೆ. ಗಂಟೆ ನಿಂತ ಮರುಕ್ಷಣ ಒಂದು ಮೌನ ಇರುತ್ತದಲ್ಲ, ಹಾಗಿತ್ತು.

ಅದನ್ನು ಮುರಿದವರೂ ಪದ್ಮಕ್ಕನೇ. ಮಂಡಿ ಹಿಡಿದುಕೊಂಡು ಎದ್ದು ನಿಂತವರು, ಅಷ್ಟು ಹೊತ್ತೂ ಬಿಚ್ಚದ ಮುಷ್ಟಿಯನ್ನು ಬಿಚ್ಚಿ, ಅದರಲ್ಲಿದ್ದ ಪುರಿಯನ್ನು ಪರದೆಯ ಮುದುಕಿಯ ಕಡೆಗೆ ಎಸೆದು ಕೈಮುಗಿದರು. ನೋಡಿದರೆ ಮಂಡಳಿಯ ಎಲ್ಲರ ಮುಷ್ಟಿಯೂ ಕಟ್ಟಿಕೊಂಡೇ ಇತ್ತು. ಒಬ್ಬರೂ ಒಂದು ಕಾಳು ಪುರಿ ತಿಂದಿರಲಿಲ್ಲ. ನಾವೆಲ್ಲ ಎದ್ದು ಹಾಕಿದೆವು. ಹುಡುಗಿಯರಿಗೆ ಇಷ್ಟು ಸಿಕ್ಕರೆ ಸಾಕಲ್ಲವೇ. ಅವರು ಮುಷ್ಟಿಯ ಲೆಕ್ಕ ಬಿಟ್ಟು ಪೊಟ್ಟಣಗಳನ್ನೇ ತೂರಿದರು, ಸಿಳ್ಳೆ ಹಾಕಿದರು. ಮೊದಲ ದಿನ ಮೊದಲ ಆಟಕ್ಕೆ ನಾಯಕ ನಟ ತೆರೆಯ ಮೇಲೆ ಬಂದಾಗ ಅಭಿಮಾನಿಗಳು ಕಾಗದದ ಚೂರು ತೂರುವುದನ್ನು ಈ ಊರು ಬೇಕಾದಷ್ಟು ಕಂಡಿದೆ. ಹಲ್ಲಿಲ್ಲದ ಒಬ್ಬಳು ಅಜ್ಜಿಗೆ, ಊರು ಕೇರಿ ಗೊತ್ತಿಲ್ಲದವಳಿಗೆ, ಅಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲಿರಬೇಕು.

ದೀಪ ಹತ್ತಿತು. ಹಾಲಿನ ತುಂಬ ಪುರಿ. ಅದರ ನಡುವೆ ಪ್ರಿನ್ಸಿಪಾಲರು ಮುಂದಕ್ಕೆ ನಡೆದು ಬಂದರು. ಅವರ ಜಡೆಯಲ್ಲೂ ಎರಡು ಕಾಳು ಪುರಿ ಸಿಕ್ಕಿಕೊಂಡಿತ್ತು. ಸಿಳ್ಳೆ ನಿಂತಿತು. ಸಹನಾ ಎದ್ದು ನಿಂತಳು. ನನ್ನ ಬಾಯಿಯೊಳಗೆ ಒಂದು ದೊಡ್ಡ ಕ್ಷಮಾಪಣೆ ಸಿದ್ಧವಾಗಿತ್ತು.

"ಸೋಮವಾರ ಇಲ್ಲಿ ಅಸೆಂಬ್ಲಿ ಇದೆ. ಗುಡಿಸಿ ಕೊಟ್ಟು ಹೋಗಿ," ಎಂದರು ಪ್ರಿನ್ಸಿಪಾಲರು. ಹೊರಟವರು ಮತ್ತೆ ತಿರುಗಿದರು. "ಕೋಚಿಂಗ್‌ನೋರಿಗೆ ಮೇಲಿನ ರೂಮ್ ಕೊಡ್ತೀನಿ. ಮುಂದಿನ ತಿಂಗಳದ್ದು ಯಾವುದು ಸಹನಾ, ಅದರಲ್ಲೂ ಅಜ್ಜಿ ಇರ್ತಾಳಾ?"

ಸಹನಾ ಏನು ಉತ್ತರ ಕೊಟ್ಟಳೋ ನನಗೆ ಕೇಳಿಸಲಿಲ್ಲ, ಹುಡುಗಿಯರ ಗಲಾಟೆಯಲ್ಲಿ ಮುಳುಗಿಹೋಯಿತು. ಅವರು ಅವಳನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಇತ್ತ ಪದ್ಮಕ್ಕ ಶಾಲನ್ನು ಸೊಂಟಕ್ಕೆ ಕಟ್ಟಿ ಪೊರಕೆ ಕೇಳುತ್ತಿದ್ದರು. ಮಂಡಳಿಯವರು ಗುಡಿಸಿದರು, ಹುಡುಗಿಯರು ಕುರ್ಚಿ ಸರಿಸಿಕೊಟ್ಟರು. ಗೆದ್ದ ಮೇಲೆ ಗುಡಿಸುವುದರಲ್ಲಿರುವ ಸುಖ ಗುಡಿಸಿದವರಿಗೇ ಗೊತ್ತು. ಎಷ್ಟೋ ವರ್ಷ ದಿನಾ ಗುಡಿಸಿದ್ದೇನೆ, ಆದರೆ ಜಯಘೋಷದ ನಡುವೆ ಗುಡಿಸಿದ್ದು ಅದೇ ಮೊದಲು.

ಸಹನಾ ಹತ್ತಿರ ಬಂದಾಗ ನಾನು ಪೊರಕೆ ಹಿಡಿದುಕೊಂಡೇ ಹೇಳಿದೆ.

"ತಪ್ಪಾಯ್ತಮ್ಮ. ನೀನು ಅಷ್ಟು ಹೇಳಿದ್ರೂ ಬಾಯಿ ತಡೀಲಿಲ್ಲ."

"ಅತ್ತೆ, ಆ ಅಜ್ಜಿ ನಿಲ್ಲಿಸೋ ಜಾಗದಲ್ಲಿ ಎಷ್ಟು ಮೌನ ಇದೆ ಅಂತ ನಾನು ಒಂದಿಡೀ ಕ್ಲಾಸ್ ಪಾಠ ಮಾಡಿದೀನಿ," ಎಂದಳು. ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. "ಅವಳು ನಮಗೋಸ್ಕರ ಕಾಯ್ತಿದಾಳೆ ಅಂತ ಇವತ್ತೇ ಅನ್ನಿಸಿದ್ದು."

"ನಿನ್ನ ಪಾಠನೂ ಸರಿನೇ. ಅವಳು ಸುಮ್ನೆ ಆಗದೆ ಇದ್ದಿದ್ರೆ ನಾನು ಎಲ್ಲಿ ಹೂಂ ಅನ್ನಲಿ? ಮತ್ತೆ ನೀವು ಕನ್ನಡದಲ್ಲಿ ಬರೀದೆ ಇದ್ದಿದ್ರೆ ಅವಳು ಏನಂದಳು ಅಂತ ನಮಗೆ ಹೇಗೆ ತಿಳೀಬೇಕು?"

ಅವಳು ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ಉಳಿದದ್ದನ್ನು ತಾನೇ ಗುಡಿಸಿದಳು. ಮೂಲೆಗಳನ್ನು ಬಿಡದೆ ಗುಡಿಸಿದಳು, ಇದೊಂದು.

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಹೇಳುವುದು ಬಹಳ ಇತ್ತು. ಮೆಟ್ರೋದಲ್ಲಿ ಸಿಕ್ಕ ಜಾಗ, ದಪ್ಪ ಅಕ್ಷರ, ನೆಲಕ್ಕಿಳಿದ ಕೈಚೀಲ, ಮೇಲಿನ ಕೋಣೆಗೆ ಹೋದ ಕೋಚಿಂಗ್, ಪ್ರಿನ್ಸಿಪಾಲರ ಜಡೆಯ ಪುರಿ. ಇದೊಂದು, ಇದೊಂದು ಎನ್ನುತ್ತ ಒಂದೊಂದಾಗಿ ಹೇಳಿದೆ. ಒಂದೊಂದು ಹೇಳಿದ ಮೇಲೂ ಸ್ವಲ್ಪ ನಿಲ್ಲಿಸಿ ದೇವಿಯ ಮುಖ ನೋಡಿದೆ. ದೀಪದ ಕುಡಿ ಒಮ್ಮೊಮ್ಮೆ ಅಲುಗಿತು. ನನಗೆ ಅಷ್ಟು ಸಾಕು. ಇಷ್ಟು ವರ್ಷ ನಾನು ದಿನಾ ಹೇಳುತ್ತಿದ್ದುದೂ ಕಥೆಯೇ, ಆ ಕಡೆಯಿಂದ ಯಾರೋ ಹೂಂಗುಟ್ಟುತ್ತಿರುವುದರಿಂದಲೇ ಅದು ಮುಂದಕ್ಕೆ ಹೋಗುತ್ತಿದೆ ಎಂದು ಆವತ್ತು ಧೈರ್ಯ ಬಂತು.

ಅಡುಗೆಮನೆಗೆ ಹೋದೆ. ಯಜಮಾನರು ಬೆಳಗ್ಗೆ ಓದಿದ ಪತ್ರಿಕೆಯನ್ನೇ ಮತ್ತೆ ಹಿಡಿದುಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಏನಾಯಿತು ಪಿಕ್ಚರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಪತ್ರಿಕೆಯೊಳಗೆ ಹೋದರು. ಕಾಸಿಟ್ಟ ಹಾಲು ಉಗುರುಬೆಚ್ಚಗಾಗಿತ್ತು. ಬಟ್ಟಲಿನಿಂದ ಒಂದು ಚಮಚ ಹೆಪ್ಪು ತೆಗೆದುಕೊಂಡೆ.

"ಒಂದೂರಲ್ಲಿ ಒಬ್ಬಳು ತಾಯಿ ಇದ್ದಳು," ಎಂದೆ.

ನಿಲ್ಲಿಸಿದೆ. ಚಮಚವನ್ನು ಹಾಲಿನ ಮೇಲೆ ಹಿಡಿದುಕೊಂಡೇ ನಿಂತೆ. ಪತ್ರಿಕೆಯ ಆ ಕಡೆ ಸದ್ದಿಲ್ಲ. ನಾನೂ ಮುಂದಕ್ಕೆ ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಪತ್ರಿಕೆ ಸ್ವಲ್ಪ ಕೆಳಗಿಳಿಯಿತು, ಕನ್ನಡಕದ ಮೇಲಿಂದ ಎರಡು ಕಣ್ಣು ಕಂಡವು.

"ಹೂಂ," ಎಂದರು.

ಹೆಪ್ಪು ಹಾಕಿ ಕಲಕಿದೆ.